ಮೋನೋ ಕಾಲ ಮುಗಿಯಿತು ಎನ್ನುವವರಿಗೆ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಈಗ ಮನೆಯ ಒಂದು ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಒಂದು ಲ್ಯಾಪ್‌ಟಾಪು, ಆಡಿಯೋ ಇಂಟರ್‌ಫೇಸು, ಕಂಡೆನ್ಸರ್ ಮೈಕು, ಗೋಡೆಗೆ ಅಂಟಿಸಿದ ಫೋಮು. ಭಾವಗೀತೆ, ದೇವರನಾಮ, ಜಾತ್ರೆಯ ಹಾಡು, ಯಕ್ಷಗಾನದ ಪದ್ಯ, ಊರಿನ ಕವಿಯೊಬ್ಬರು ಕೈಯಿಂದ ದುಡ್ಡು ಹಾಕಿ ಮಾಡಿಸುವ ಹಾಡುಗಳ ಗುಚ್ಛ, ಎಲ್ಲವೂ ಬೆಂಗಳೂರಿನ ಬಸ್ಸು ಹತ್ತದೆ ಇಲ್ಲೇ ತಯಾರಾಗುತ್ತಿವೆ. ಇದು ಹೆಮ್ಮೆಯ ವಿಷಯ. ಆದರೆ ಈ ಕೋಣೆಗಳಲ್ಲೆಲ್ಲ ಒಂದು ನಂಬಿಕೆ ಬೇರು ಬಿಟ್ಟು ಕೂತಿದೆ. ಮಿಕ್ಸ್ ಚೆನ್ನಾಗಿ ಬರಬೇಕಾದರೆ ಜೋಡಿ ಮಾನಿಟರ್ ಬೇಕು, ಅದೂ ಎಂಟಿಂಚಿನ ವೂಫರ್ ಇದ್ದರೆ ಮೇಲು. ಸ್ಟೀರಿಯೋ ಎಷ್ಟು ಅಗಲವೋ ಹಾಡು ಅಷ್ಟು ಪ್ರೊಫೆಷನಲ್. ಎಡಬಲ ಎರಡೂ ಕೂಡಿ ಒಂದೇ ಆಗಿ ಬರುವ ಮೋನೋ ಎಂಬುದು ಅಜ್ಜನ ರೇಡಿಯೋದ ಜತೆಗೇ ಮುಗಿಯಿತು. ಡಾಲ್ಬಿ ಅಟ್ಮಾಸ್ ಬಂದಿರುವ ಕಾಲದಲ್ಲಿ ಒಂದು ಡಬ್ಬಾ ಸ್ಪೀಕರ್ ಇಟ್ಟುಕೊಂಡು ಕೂರುವವನು ಕಲಿಯದವನು.

ಸಲಕರಣೆ ಮಾರುವವರು ಹೇಳುವುದು ಇದನ್ನೇ. ಮಿಕ್ಸಿಂಗ್ ಪಾಠದ ವಿಡಿಯೋಗಳಲ್ಲಿ ಬಹಳಷ್ಟು ಹೇಳುವುದೂ ಇದನ್ನೇ. ಕೇಳಿ ಕೇಳಿ ನಮ್ಮ ಹುಡುಗರೂ ಇದನ್ನೇ ಒಪ್ಪಿಕೊಂಡಿದ್ದಾರೆ. ನಾನು ಒಪ್ಪುವುದಿಲ್ಲ. ಸಣ್ಣದಾದ, ಅಗ್ಗದ, ಒಂದೇ ಒಂದು ಸ್ಪೀಕರಿನ ಎದುರು ಮೋನೋದಲ್ಲಿ ಕೂರಿಸಿ ತೂಗದ ಹಾಡಿನ ಮಿಕ್ಸ್ ಇನ್ನೂ ಮುಗಿದಿಲ್ಲ. ಅದನ್ನು ಬಿಡುಗಡೆ ಮಾಡುವುದು ಹಾಡಿದವರಿಗೂ ಬರೆದವರಿಗೂ ಮಾಡುವ ಅನ್ಯಾಯ.

ಮೊದಲು, ಹಾಡು ಹೋಗಿ ತಲುಪುವ ಜಾಗ ಯಾವುದು ಎಂದು ನೋಡೋಣ. ಅಡಿಕೆ ಕೊಯ್ಲಿನ ಸಮಯದಲ್ಲಿ ಯಾವುದಾದರೂ ಮನೆಯ ಚಪ್ಪರಕ್ಕೆ ರಾತ್ರಿ ಹೋಗಿ. ಹತ್ತು ಹನ್ನೆರಡು ಜನ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿರುತ್ತಾರೆ. ನಡುವೆ ಒಂದು ಫೋನು, ಶಬ್ದ ಸ್ವಲ್ಪ ದೊಡ್ಡದಾಗಲಿ ಎಂದು ಅದನ್ನು ಸ್ಟೀಲಿನ ಪಾತ್ರೆಯೊಳಗೆ ನಿಲ್ಲಿಸಿರುತ್ತಾರೆ. ಹಾಡು ಬರುವುದು ಆ ಫೋನಿನ ಕೆಳಗಿನ ನಾಲ್ಕಾರು ತೂತಿನಿಂದ. ಇನ್ನೊಂದು ಮನೆಯಲ್ಲಿ ಅಂಗೈಯಗಲದ ಬ್ಲೂಟೂತ್ ಸ್ಪೀಕರ್ ಇರಬಹುದು. ಅಂಥವುಗಳಲ್ಲಿ ಬಹಳಷ್ಟರ ಒಳಗೆ ಇರುವುದೇ ಒಂದು ಸ್ಪೀಕರು. ಎರಡಿದ್ದರೂ ಅವುಗಳ ನಡುವೆ ಒಂದು ಗೇಣಿನ ಅಂತರವಿಲ್ಲ. ಐದು ಅಡಿ ಆಚೆ ಕೂತವರ ಕಿವಿಗೆ ಎಡವೂ ಇಲ್ಲ, ಬಲವೂ ಇಲ್ಲ. ಆಟೋದಲ್ಲಿ ಸೀಟಿನ ಹಿಂದೆ ಕೂರಿಸಿದ ಸ್ಪೀಕರಿನ ಕತೆಯೂ ಇದೇ. ಬಸ್ಸಿನಲ್ಲಿ ಆರು ಸ್ಪೀಕರ್ ಇದ್ದರೂ ಪ್ರಯಾಣಿಕನಿಗೆ ಕೇಳುವುದು ತನ್ನ ತಲೆಯ ಮೇಲಿನ ಒಂದು.

ಇನ್ನು ಮೈಕ್ ಸೆಟ್. ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ. ತೀರ್ಥಹಳ್ಳಿಯಲ್ಲಿ ಪ್ರತಿವರ್ಷ ಎಳ್ಳಮಾವಾಸ್ಯೆಗೆ ತುಂಗೆಯ ದಡದಲ್ಲಿ ರಾಮೇಶ್ವರನ ಜಾತ್ರೆ. ಅಲ್ಲಿ ಕಂಬ ಕಂಬಕ್ಕೆ ಕಟ್ಟುವ ಹಾರ್ನುಗಳೆಲ್ಲ ಒಂದೇ ಆಂಪ್ಲಿಫೈಯರಿನ ಒಂದೇ ಲೈನಿಗೆ ಸೇರಿರುತ್ತವೆ. ಎಡ ಬಲ ಎಂಬ ಭೇದ ಅಲ್ಲಿ ತಂತಿಯಲ್ಲೇ ಇಲ್ಲ. ಆ ಹಾರ್ನು ಮುನ್ನೂರು ನಾನೂರು ಹರ್ಟ್ಸಿನ ಕೆಳಗಿನದನ್ನು ಹೆಚ್ಚುಕಡಿಮೆ ಹೇಳುವುದೇ ಇಲ್ಲ. ಹೇಳುವುದನ್ನು ಮಾತ್ರ ಅರ್ಧ ಮೈಲಿ ಆಚೆಗೂ ಮುಟ್ಟಿಸುತ್ತದೆ. ದೇವಿಯ ಮೇಲೆ ಮಾಡಿದ ಹಾಡು ಅತಿ ಹೆಚ್ಚು ಜನರನ್ನು ಮುಟ್ಟುವುದು ಅಲ್ಲಿಯೇ.

ರೇಡಿಯೋ ಎಂದರೆ ಮುಖ ಸಿಂಡರಿಸುವವರಿಗೂ ಒಂದು ಮಾತು. ಭದ್ರಾವತಿ ಆಕಾಶವಾಣಿ ಈ ಮೂರೂ ತಾಲೂಕುಗಳ ಮನೆಗಳಲ್ಲಿ ದಶಕಗಳ ಕಾಲ ಕೇಳಿದ್ದು 675 ಕಿಲೋಹರ್ಟ್ಸಿನ ಮೀಡಿಯಂ ವೇವಿನಲ್ಲಿ. ಅದು ಮೋನೋ. ಎಫ್ಎಂ ಬಂತಲ್ಲ, ಸ್ಟೀರಿಯೋ ಆಯಿತಲ್ಲ ಎನ್ನುತ್ತಾರೆ. ಎಫ್ಎಂ ಸ್ಟೀರಿಯೋ ಕೆಲಸ ಮಾಡುವ ಬಗೆಯನ್ನು ನೋಡಿ. ಎಡ ಬಲ ಎರಡನ್ನೂ ಕೂಡಿದ ಮೋನೋ ಸಂಕೇತವೇ ಅದರ ಬೆನ್ನೆಲುಬು. ಎಡದಿಂದ ಬಲವನ್ನು ಕಳೆದ ವ್ಯತ್ಯಾಸವನ್ನು 38 ಕಿಲೋಹರ್ಟ್ಸಿನ ಉಪವಾಹಕದ ಮೇಲೆ ಬೇರೆಯಾಗಿ ಹೊರಿಸಿ ಕಳಿಸುತ್ತಾರೆ. ಸಿಗ್ನಲ್ ಕುಂದಿದಾಗ ಮೊದಲು ಹಿಸ್ಸೆಂದು ಹಾಳಾಗುವುದು ಆ ವ್ಯತ್ಯಾಸದ ಭಾಗ. ಆಗ ಕಾರಿನ ರೇಡಿಯೋ ಯಾರನ್ನೂ ಕೇಳದೆ ತಾನೇ ಮೋನೋಗೆ ಇಳಿಯುತ್ತದೆ. ಹೊಸನಗರದ ಕಡೆಯ ಗುಡ್ಡದ ಮರೆಯ ರಸ್ತೆಗಳಲ್ಲಿ, ಆಗುಂಬೆಯ ತಿರುವುಗಳಲ್ಲಿ ಸಿಗ್ನಲ್ ಕುಂದುವುದು ದಿನನಿತ್ಯದ ಮಾತು. ಸ್ಟೀರಿಯೋವನ್ನು ಕಂಡುಹಿಡಿದ ಎಂಜಿನಿಯರುಗಳೇ ಮೋನೋ ಕೈಬಿಡಲಿಲ್ಲ. ಕೈಬಿಟ್ಟವರು ನಾವು.

ಮೋನೋದಲ್ಲಿ ಹಾಡಿಗೆ ಆಗುವ ಹಾನಿಯನ್ನು ಹತ್ತಿರದಿಂದ ನೋಡಿದರೆ ಈ ವಾದದ ತೂಕ ತಿಳಿಯುತ್ತದೆ. ಒಂದು ಭಜನೆಯ ಹಾಡು ತೆಗೆದುಕೊಳ್ಳಿ. ಒಬ್ಬರು ಹೇಳಿಕೊಡುತ್ತಾರೆ, ನಾಲ್ವರು ಹೆಂಗಸರು ಎತ್ತಿ ಹಾಡುತ್ತಾರೆ. ಆ ನಾಲ್ವರ ದನಿಯನ್ನು ದೊಡ್ಡ ಮೇಳದಂತೆ ತೋರಿಸಬೇಕೆಂದು ಸ್ಟುಡಿಯೋದ ಹುಡುಗ ಅದರದೇ ನಕಲು ಮಾಡಿ, ಮೂಲವನ್ನು ಪೂರ್ತಿ ಎಡಕ್ಕೂ ನಕಲನ್ನು ಹತ್ತು ಮಿಲಿಸೆಕೆಂಡು ತಡಮಾಡಿ ಪೂರ್ತಿ ಬಲಕ್ಕೂ ಹಾಕುತ್ತಾನೆ. ಜೋಡಿ ಮಾನಿಟರಿನ ನಡುವೆ ಕೂತವನಿಗೆ ಗೋಡೆಯಿಂದ ಗೋಡೆಗೆ ಹರಡಿದ ದನಿ ಕೇಳುತ್ತದೆ, ಖುಷಿಯಾಗುತ್ತದೆ. ಅದೇ ಫೈಲು ಫೋನಿಗೆ ಬಂದು ಎಡಬಲ ಕೂಡಿದಾಗ ಲೆಕ್ಕವೇ ಬೇರೆ. ಹತ್ತು ಮಿಲಿಸೆಕೆಂಡು ಹಿಂದೆ ಬಿದ್ದ ಅಲೆ ಮೂಲದ ಅಲೆಯನ್ನು 50 ಹರ್ಟ್ಸಿನಲ್ಲಿ ಅಳಿಸುತ್ತದೆ. ಆಮೇಲೆ 150, 250, 350, ಹೀಗೆ ನೂರು ನೂರು ಹರ್ಟ್ಸಿಗೊಂದು ಹೊಂಡ ಮೇಲಿನವರೆಗೂ ಬೀಳುತ್ತಾ ಹೋಗುತ್ತದೆ. ದನಿಗೆ ಮೈಯೇ ಇರುವುದಿಲ್ಲ, ಕೊಳವೆಯೊಳಗಿಂದ ಬಂದಂತೆ ಕೇಳುತ್ತದೆ. ನಕಲಿನ ಬದಲು ಒಂದು ಕಡೆಯ ಅಲೆಯನ್ನು ತಲೆಕೆಳಗು ಮಾಡಿ ಅಗಲ ತೋರಿಸುವ ಪ್ಲಗಿನ್‌ಗಳೂ ಇವೆ. ಅವುಗಳಲ್ಲಿ ಹಾಕಿದ್ದು ಮೋನೋದಲ್ಲಿ ಪೂರ್ತಿ ಮಾಯವಾಗುತ್ತದೆ. ಕೀಬೋರ್ಡಿನ ಸ್ಟೀರಿಯೋ ಸ್ಟ್ರಿಂಗ್ಸ್ ಅರ್ಧಕ್ಕರ್ಧ ಇಂಗುತ್ತವೆ.

ಹಾಗೆ ಮಾಯವಾದದ್ದನ್ನು ನಾನು ಕೇಳಿದ್ದೇನೆ. ಒಂದು ದೇವಸ್ಥಾನದ ವರ್ಧಂತಿಯಲ್ಲಿ, ಹೊಸದಾಗಿ ಮಾಡಿಸಿದ ಹಾಡನ್ನು ಮೊದಲ ಸಲ ಹಾರ್ನಿನಲ್ಲಿ ಹಾಕಿದರು. ಹೇಳಿಕೊಡುವ ದನಿ ಬಂತು. ಎತ್ತಿ ಹಾಡುವ ಜಾಗದಲ್ಲಿ ತಾಳ, ಹಾರ್ಮೋನಿಯಂ ಮಾತ್ರ. ಹಾಡಿದ ಹೆಂಗಸರು ಅಲ್ಲೇ ಪ್ರಸಾದದ ಸಾಲಿನಲ್ಲಿ ನಿಂತಿದ್ದರು. ಅವರಲ್ಲಿ ಒಬ್ಬರು ಮೈಕಿನವರ ಹತ್ತಿರ ಹೋಗಿ, “ಎಂತ ಮಾರಾಯಾ, ನಾವು ಹೇಳಿದ್ದು ಎಲ್ಲಿ ಹೋಯ್ತು?” ಎಂದು ಕೇಳಿದರು. ಮೈಕಿನವರು ಕೇಬಲ್ ಬಿಚ್ಚಿ ಹಾಕಿದರು, ಬೇರೆ ಪೆನ್‌ಡ್ರೈವ್ ಹಾಕಿದರು. ತಪ್ಪು ಅವರ ಕೈಯಲ್ಲಿರಲಿಲ್ಲ, ಫೈಲಿನಲ್ಲಿತ್ತು. ಮಿಕ್ಸ್ ಮಾಡುವಾಗ ಮೋನೋ ಗುಂಡಿಯನ್ನು ಒಮ್ಮೆ ಒತ್ತಿದ್ದರೆ ಆ ಕ್ಷಣವೇ ಗೊತ್ತಾಗುತ್ತಿತ್ತು. ಆ ಗುಂಡಿಗೆ ದುಡ್ಡೂ ಬೇಡ, ಪ್ರತಿ ಸಾಫ್ಟ್‌ವೇರಿನಲ್ಲೂ ಯಾವುದೋ ರೂಪದಲ್ಲಿ ಅದು ಇದ್ದೇ ಇದೆ.

ಅಳಿಸಿಹೋಗುವುದಕ್ಕಿಂತಲೂ ಹೆಚ್ಚಾಗಿ ನಡೆಯುವುದು ಮುಚ್ಚಿಹೋಗುವುದು. ನಮ್ಮ ಹಾಡುಗಳಿಗೆ ದೊಡ್ಡ ಪೆಟ್ಟು ಬೀಳುವುದು ಇಲ್ಲಿ. ಭಾವಗೀತೆಯಲ್ಲಿ ಹಾರ್ಮೋನಿಯಂ ಮತ್ತು ದನಿ ಕಂಪನಾಂಕದ ಒಂದೇ ಪಟ್ಟಿಯಲ್ಲಿ ಓಡಾಡುತ್ತವೆ. ಹಾರ್ಮೋನಿಯಂ ಅನ್ನು ಎಡಕ್ಕೆ ಸರಿಸಿಬಿಟ್ಟರೆ ಸ್ಟೀರಿಯೋದಲ್ಲಿ ಜಗಳ ನಿಂತಂತೆ ಕಾಣುತ್ತದೆ. ಕಿವಿ ದಿಕ್ಕಿನಿಂದ ಎರಡನ್ನೂ ಬಿಡಿಸಿಕೊಳ್ಳುತ್ತದೆ. ಆದರೆ ಜಗಳ ಹಾಗೇ ಇದೆ. ಒಂದೇ ಸ್ಪೀಕರಿನಲ್ಲಿ ಹಾಕಿದ ತಕ್ಷಣ ಹಾರ್ಮೋನಿಯಂ ಎದ್ದು ಬಂದು ಪದದ ಮೇಲೆ ಕೂರುತ್ತದೆ. ಆಗ ನಿಜವಾದ ಕೆಲಸ ಶುರು: ಹಾರ್ಮೋನಿಯಮ್ಮಿನ ಒಂದರಿಂದ ಮೂರು ಕಿಲೋಹರ್ಟ್ಸಿನ ಭಾಗವನ್ನು ಎರಡು ಮೂರು ಡೆಸಿಬಲ್ ಇಳಿಸಬೇಕು, ಅಥವಾ ನುಡಿಸುವವರಿಗೆ ಪಲ್ಲವಿಯಲ್ಲಿ ಕೆಳಗಿನ ಸಪ್ತಕ ಹಿಡಿಯಿರಿ ಎನ್ನಬೇಕು, ಅಥವಾ ಸಾಲಿನ ನಡುವೆ ಮಾತ್ರ ನುಡಿಸಿ ಸಾಲು ಬಂದಾಗ ಬಿಡಿ ಎನ್ನಬೇಕು. ಈ ಮೂರರಲ್ಲಿ ಯಾವುದನ್ನು ಮಾಡಿದರೂ ಹಾಡು ಎಲ್ಲ ಕಡೆಯೂ ನಿಲ್ಲುತ್ತದೆ. ಪ್ಯಾನ್ ಗುಂಡಿ ತಿರುಗಿಸಿ ಬಿಟ್ಟರೆ ಹೆಡ್‌ಫೋನಿನಲ್ಲಿ ಮಾತ್ರ ನಿಲ್ಲುತ್ತದೆ.

ಮಲೆನಾಡಿನವರಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಯಕ್ಷಗಾನದ ಬಡಗುತಿಟ್ಟಿನ ಹಿಮ್ಮೇಳ ನೋಡಿ. ಭಾಗವತರು, ಮದ್ದಲೆ, ಚಂಡೆ ಎಲ್ಲ ಕೈಯಳತೆಯಲ್ಲಿ, ಒಂದೇ ಕಡೆ. ಚಂಡೆಗಿಂತ ಗಟ್ಟಿ ಸದ್ದಿನ ವಾದ್ಯ ನಮ್ಮಲ್ಲಿ ಹೆಚ್ಚೇನೂ ಇಲ್ಲ. ಆದರೂ ಪದ್ಯದ ಮಾತು ಚೌಕಿಯ ಹಿಂದೆ ನಿಂತವರಿಗೂ ತಿಳಿಯುತ್ತದೆ. ಯಾಕೆಂದರೆ ಭಾಗವತರು ಸಾಹಿತ್ಯ ಹೇಳುವಾಗ ಜತೆಗಿರುವುದು ಹೆಚ್ಚಾಗಿ ಮದ್ದಲೆ. ಚಂಡೆ ಬೇಕಾದ ಸನ್ನಿವೇಶಕ್ಕೆ ಏರುತ್ತದೆ, ಮಾತಿಗೆ ಜಾಗ ಬಿಡುತ್ತದೆ. ದಿಕ್ಕಿನ ಸಹಾಯವಿಲ್ಲದೆ, ಕಾಲ ಮತ್ತು ಸ್ಥಾಯಿಯ ಹಂಚಿಕೆಯಿಂದಲೇ ಸಮತೋಲ ಸಾಧಿಸಿದ ಕಲೆ ಅದು. ಇದೇ ಹಿಮ್ಮೇಳವನ್ನು ಸ್ಟುಡಿಯೋಕ್ಕೆ ಕರೆಸಿ, ಚಂಡೆಯನ್ನು ಬಲಕ್ಕೆ, ಮದ್ದಲೆಯನ್ನು ಎಡಕ್ಕೆ ಎಳೆದು, ಭಾಗವತರ ದನಿಗೆ ಗುಹೆಯಷ್ಟು ರಿವರ್ಬ್ ಹಚ್ಚಿ, ಕೊನೆಗೆ ಮಾತೇ ತಿಳಿಯದಂತೆ ಮಾಡಿದ ಆಲ್ಬಮ್ಮುಗಳನ್ನು ಕೇಳುವಾಗ ಸಂಕಟವಾಗುತ್ತದೆ.

ಮಾತು, ಸಾಹಿತ್ಯ ಎಂದು ನಾನು ಮತ್ತೆ ಮತ್ತೆ ಹೇಳುವುದಕ್ಕೆ ಕಾರಣವಿದೆ. ಈ ನೆಲದ ಗಾಯನ ಕವಿತೆಯ ಬೆನ್ನು ಹತ್ತಿ ಬಂದದ್ದು. ಹೊಸನಗರ ತಾಲೂಕಿನ ನಗರದಲ್ಲಿ 1938ರಲ್ಲಿ ಹುಟ್ಟಿದ ಶಿವಮೊಗ್ಗ ಸುಬ್ಬಣ್ಣ ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ ಚಿತ್ರಕ್ಕೆ ಹಾಡಿ 1978ನೇ ಸಾಲಿನ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಪಡೆದರು. ಅದೇ 1978ರಲ್ಲಿ ಬಂದ ‘ನಿತ್ಯೋತ್ಸವ’ ಧ್ವನಿಸುರುಳಿ ನಿಸಾರ್ ಅಹಮದ್ ಅವರ ಕವಿತೆಗಳನ್ನು ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಮನೆಮನೆಗೆ ಮುಟ್ಟಿಸಿತು. ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ ಎಂದು ಅದಕ್ಕೆ ಹೆಸರು. ಆ ಹಾಡುಗಳನ್ನು ನಾಡಿನ ಬಹುಪಾಲು ಜನ ಕೇಳಿದ್ದು ಒಂದೇ ಸ್ಪೀಕರಿನ ರೇಡಿಯೋದಲ್ಲಿ, ಒಂದೇ ಸ್ಪೀಕರಿನ ಟೇಪ್‌ರೆಕಾರ್ಡರಿನಲ್ಲಿ, ಹೋಟೆಲಿನ ಗೋಡೆಗೆ ಮೊಳೆ ಹೊಡೆದು ಕೂರಿಸಿದ ಪೆಟ್ಟಿಗೆಯಲ್ಲಿ. ಓದು ಬಾರದವರೂ ಕವಿತೆಯ ಸಾಲನ್ನು ಬಾಯಿಪಾಠ ಮಾಡಿಕೊಂಡರು. ಒಂದೊಂದು ಅಕ್ಷರವೂ ಕೇಳುತ್ತಿದ್ದುದರಿಂದಲೇ ಅದು ಸಾಧ್ಯವಾಯಿತು.

ಕನ್ನಡದಲ್ಲಿ ಅಕ್ಷರ ಕೇಳುವುದೆಂದರೆ ಏನು? ಸ್ವರದ ಬಲ ಕೆಳಗಿರುತ್ತದೆ. ಸ, ಶ, ಷಗಳ ಭೇದ, ತ ಮತ್ತು ಟ ಬೇರೆ ಎಂಬ ಅರಿವು, ಒತ್ತಕ್ಷರದ ತಟ್ಟು, ಮಹಾಪ್ರಾಣದ ಉಸಿರು, ಇವುಗಳ ಗುರುತು ಬಹಳಮಟ್ಟಿಗೆ ಎರಡು ಕಿಲೋಹರ್ಟ್ಸಿನಿಂದ ಮೇಲಕ್ಕಿದೆ. ಮನುಷ್ಯನ ಕಿವಿ ಅತ್ಯಂತ ಚುರುಕಾಗಿರುವುದೂ ಎರಡರಿಂದ ಐದು ಕಿಲೋಹರ್ಟ್ಸಿನ ನಡುವೆ. ಟೆಲಿಫೋನು ಒಂದು ಕಾಲದಲ್ಲಿ 300ರಿಂದ 3,400 ಹರ್ಟ್ಸಿನ ಕಿಟಕಿಯಲ್ಲೇ ಇಡೀ ಸಂಸಾರದ ಸುದ್ದಿ ಮುಟ್ಟಿಸಿತು. ಸಣ್ಣ ಸ್ಪೀಕರ್ ಮಾಡುವುದು ಇದನ್ನೇ: ಕೆಳಗಿನ ಗುಡುಗನ್ನೂ ಮೇಲಿನ ಮಿನುಗನ್ನೂ ತೆಗೆದುಹಾಕಿ ಮಾತು ಬದುಕಿರುವ ನಡುಭಾಗವನ್ನು ಮುಖಕ್ಕೆ ಹಿಡಿಯುತ್ತದೆ. ದನಿ ಮುಚ್ಚಿಹೋಗಿದ್ದರೆ ಅಲ್ಲಿ ಅಡಗಲು ಜಾಗವಿಲ್ಲ. ಒಂದು ಕವಿತೆಯನ್ನು ಹಾಡಾಗಿಸುವವನಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕೆ?

ಮಳೆಗಾಲದಲ್ಲಿ ಈ ಪರೀಕ್ಷೆ ಇನ್ನೂ ಕಠಿಣ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ ಏಳು ಸಾವಿರ ಮಿಲಿಮೀಟರು ದಾಟುತ್ತದೆ. ಹೊಸನಗರದ ಹುಲಿಕಲ್ಲೂ ಆ ಸಾಲಿನದೇ. ತಗಡಿನ ಮಾಡಿನ ಮೇಲೆ ಬೀಳುವ ಮಳೆಯ ಸದ್ದು ಕೆಳಗಿನಿಂದ ಮೇಲಿನವರೆಗೆ ಎಲ್ಲ ಕಂಪನಾಂಕವನ್ನೂ ತುಂಬುತ್ತದೆ. ಅದರ ನಡುವೆ ಅಡುಗೆಮನೆಯ ಫೋನಿನಲ್ಲಿ ಹಾಡು ಕೇಳುವವರಿಗೆ ರಿವರ್ಬಿನ ಬಾಲ ಯಾಕೆ ಬೇಕು? ಅವರಿಗೆ ಪದ ಬೇಕು, ರಾಗ ಬೇಕು, ತಾಳ ಬೇಕು.

ಈಗ ಎದುರುವಾದಕ್ಕೆ ಬರುತ್ತೇನೆ. ಅದರಲ್ಲಿ ಕೆಲವು ಮಾತು ಗಟ್ಟಿಯಾಗಿವೆ, ಅವನ್ನು ಹಾರಿಸಿಕೊಂಡು ಹೋಗುವುದು ಸರಿಯಲ್ಲ.

ಇಂದಿನ ಹುಡುಗರೆಲ್ಲ ಇಯರ್‌ಫೋನಿನಲ್ಲೇ ಕೇಳುತ್ತಾರೆ, ಅದು ಸ್ಟೀರಿಯೋ ಅಲ್ಲವೇ ಎನ್ನುತ್ತಾರೆ. ಹೌದು, ಸ್ಟೀರಿಯೋ. ಆದರೆ ಬೈಕಿನಲ್ಲಿ ಹೋಗುವವನು, ತೋಟದಲ್ಲಿ ಕೆಲಸ ಮಾಡುವವನು, ಪಕ್ಕದ ಸೀಟಿನ ಗೆಳತಿಗೆ ಒಂದು ತುದಿ ಕೊಟ್ಟವಳು, ಒಂದು ಕಡೆ ಕೆಟ್ಟುಹೋದ ವೈರಿನ ಇಯರ್‌ಫೋನನ್ನೇ ಆರು ತಿಂಗಳು ಬಳಸುವವನು, ಇವರೆಲ್ಲ ಕೇಳುವುದು ಒಂದೇ ಕಿವಿಯಲ್ಲಿ. ಪೂರ್ತಿ ಬಲಕ್ಕೆ ಎಳೆದ ಕೊಳಲು ಎಡಕಿವಿಯವನಿಗೆ ಇಲ್ಲವೇ ಇಲ್ಲ. ಎರಡೂ ಕಿವಿಗೆ ಹಾಕಿಕೊಂಡವನ ವಿಚಾರಕ್ಕೆ ಬಂದರೂ ನನ್ನ ವಾದ ನಿಲ್ಲುತ್ತದೆ. ಮೋನೋದಲ್ಲಿ ಸರಿಯಾಗಿ ತೂಗಿದ ಹಾಡು ಸ್ಟೀರಿಯೋದಲ್ಲಿ ಅರಳುತ್ತದೆ. ಸ್ಟೀರಿಯೋದಲ್ಲಿ ಮಾತ್ರ ತೂಗಿದ ಹಾಡು ಮೋನೋದಲ್ಲಿ ಕುಸಿಯುತ್ತದೆ. ಈ ದಾರಿ ಒಂದೇ ಕಡೆಗೆ ಹೋಗುವಂಥದ್ದು.

ಸಣ್ಣ ಸ್ಪೀಕರಿನಲ್ಲಿ ಬೇಸ್ ಕೇಳುವುದಿಲ್ಲವಲ್ಲ ಎಂಬುದು ಎರಡನೆಯ ಮಾತು. ನಿಜ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ 41 ಹರ್ಟ್ಸು, ನಾಲ್ಕಿಂಚಿನ ಸ್ಪೀಕರಿಗೆ ಅದು ಎಟುಕದು. ಆದರೆ ನಮ್ಮ ಮಿದುಳು ಒಂದು ಕೆಲಸ ಮಾಡುತ್ತದೆ. ಮೂಲ ಕಂಪನ ಇಲ್ಲದಿದ್ದರೂ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಎತ್ತರದ ಉಪಸ್ವರಗಳು ಕೇಳಿದರೆ ಕೆಳಗಿನ ಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಆದ್ದರಿಂದ ಸಣ್ಣ ಸ್ಪೀಕರಿನಲ್ಲಿ ಬೇಸ್ ಪೂರ್ತಿ ಮಾಯವಾದರೆ ದೋಷ ಸ್ಪೀಕರಿನದಲ್ಲ. ಆ ಬೇಸಿಗೆ ಉಪಸ್ವರಗಳೇ ಇಲ್ಲ ಎಂದು ಅರ್ಥ. ಸ್ವಲ್ಪ ಸ್ಯಾಚುರೇಶನ್ ಕೊಟ್ಟರೆ, ತಬಲಾದ ಡಗ್ಗಾಕ್ಕೆ ಬೆರಳಿನ ತಟ್ಟು ಕೇಳುವಂತೆ ಮಾಡಿದರೆ, ಫೋನಿನಲ್ಲೂ ಲಯದ ನಡೆ ಗೊತ್ತಾಗುತ್ತದೆ. ಅತಿ ಕೆಳಗಿನ ಗುಡುಗು ಎಷ್ಟಿರಬೇಕು, ಹಿನ್ನೆಲೆಯಲ್ಲಿ ಫ್ಯಾನಿನ ಗುಂಯ್ ಇದೆಯೇ, ಎಡಿಟಿಂಗಿನ ಕಡೆ ಟಿಕ್ ಎನ್ನುತ್ತದೆಯೇ ಎಂಬುದಕ್ಕೆ ಹೆಡ್‌ಫೋನ್ ಬೇಕು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅಗಲ ಎಷ್ಟಿರಬೇಕೆಂದು ತೀರ್ಮಾನಿಸಲು ಸ್ಟೀರಿಯೋ ಬೇಕು, ಅದೂ ಸರಿ.

ಆದರೆ ದೊಡ್ಡ ಮಾನಿಟರು ನಮ್ಮ ಕೋಣೆಗಳಲ್ಲಿ ಬೇಸಿನ ಸತ್ಯ ಹೇಳುತ್ತದೆ ಎಂಬುದನ್ನು ಮಾತ್ರ ಒಪ್ಪಲಾರೆ. ಮನೆಯ ಸ್ಟುಡಿಯೋ ಎಂದರೆ ಹತ್ತಡಿ ಹನ್ನೆರಡಡಿ ಕೋಣೆ, ಕಲ್ಲು ಅಥವಾ ಇಟ್ಟಿಗೆ ಗೋಡೆ, ಕಾವಿ ಅಥವಾ ಟೈಲ್ಸ್ ನೆಲ. ಹತ್ತಡಿ ಅಂತರದ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಸಿನ ಅಲೆ ನಿಂತು ಮೊರೆಯುತ್ತದೆ, ಹನ್ನೆರಡಡಿಯ ನಡುವೆ ಸುಮಾರು 47 ಹರ್ಟ್ಸಿನದು. ಕುರ್ಚಿ ಒಂದಡಿ ಹಿಂದೆ ಸರಿಸಿದರೆ ಬೇಸು ಬೇರೆ, ಮುಂದೆ ಸರಿಸಿದರೆ ಬೇರೆ. ಗೋಡೆಯ ಮೇಲಿನ ಒಂದಿಂಚು ಫೋಮು ಅದನ್ನು ಮುಟ್ಟಲೂ ಆರದು. ಅದು ತಿನ್ನುವುದು ಮೇಲಿನ ಸದ್ದನ್ನು ಮಾತ್ರ. 50 ಹರ್ಟ್ಸಿನ ಒಂದು ಅಲೆಯ ಉದ್ದವೇ ಇಪ್ಪತ್ತೆರಡು ಅಡಿಗಿಂತ ಹೆಚ್ಚು. ಇಂಥ ಕೋಣೆಗೆ ಎಂಟಿಂಚಿನ ಜೋಡಿ ತಂದಿಟ್ಟವನು ಮಿಕ್ಸ್ ಮಾಡುವುದು ತನ್ನ ಕೋಣೆಯ ಮೊರೆತವನ್ನು. ಎರಡಡಿ ದೂರದಲ್ಲಿ, ಮಾತಾಡುವಷ್ಟು ಮೆಲ್ಲಗೆ ನುಡಿಯುವ ನಾಲ್ಕಿಂಚಿನ ಸ್ಪೀಕರ್ ಆ ಮೊರೆತವನ್ನು ಎಬ್ಬಿಸುವುದೇ ಇಲ್ಲ. ಕೋಣೆಗೆ ಸಾವಿರಾರು ರೂಪಾಯಿ ಸುರಿಯಲಾಗದವನಿಗೆ ಕೋಣೆಯಿಂದ ಪಾರಾಗುವ ದಾರಿ ಇದೊಂದೇ.

ದೊಡ್ಡವರು ಇಂಥದ್ದು ಮಾಡುವುದಿಲ್ಲ ಎಂಬ ಮಾತೂ ಕಿವಿಗೆ ಬಿದ್ದಿದೆ. ಆರಾಟೋನ್ 5ಸಿ ಎಂಬ ಪುಟ್ಟ ಪೆಟ್ಟಿಗೆ ಅಮೆರಿಕದ ಸ್ಟುಡಿಯೋಗಳಲ್ಲಿ ದಶಕಗಳ ಕಾಲ ಮಿಕ್ಸಿಂಗ್ ಮೇಜಿನ ಮೇಲೆ ಕೂತಿತ್ತು. ನಾಲ್ಕೂವರೆ ಇಂಚಿನ ಒಂದೇ ಡ್ರೈವರು, ಮುಚ್ಚಿದ ಮರದ ಪೆಟ್ಟಿಗೆ, ಕ್ರಾಸೋವರ್ ಇಲ್ಲ. ಕೇಳಲು ಸೊಗಸಿಲ್ಲವೆಂದು ಎಂಜಿನಿಯರುಗಳೇ ಅದನ್ನು ‘ಹಾರರ್‌ಟೋನ್’ ಎಂದು ಕರೆದರು, ಆದರೂ ಮೇಜಿನಿಂದ ಇಳಿಸಲಿಲ್ಲ. ಮೈಕೆಲ್ ಜಾಕ್ಸನ್ನನ 1982ರ ‘ಥ್ರಿಲ್ಲರ್’ ಮಿಕ್ಸ್ ಮಾಡುವಾಗ ಎಂಜಿನಿಯರ್ ಬ್ರೂಸ್ ಸ್ವೀಡಿಯನ್ ಇದನ್ನೂ ಬಳಸಿದ್ದರು. ಲಕ್ಷಾಂತರ ಡಾಲರಿನ ಕೋಣೆ ಇದ್ದವರು ಸಣ್ಣ ಸ್ಪೀಕರ್ ಬಿಡಲಿಲ್ಲ. ಏನೂ ಇಲ್ಲದ ನಾವು ಅದನ್ನೇ ಮೊದಲು ಬಿಟ್ಟೆವು.

ಒಂದು ಫೋನಿನಂತೆ ಇನ್ನೊಂದಿಲ್ಲ, ಹಾಗಾದರೆ ಯಾವುದನ್ನು ನಂಬುವುದು ಎಂಬ ಪ್ರಶ್ನೆ ನ್ಯಾಯವಾದದ್ದು. ಉತ್ತರ ಇದು: ಅವೆಲ್ಲವೂ ಬೇರೆಬೇರೆ, ಆದರೆ ಎಲ್ಲದರಲ್ಲೂ ಕೆಳಭಾಗ ಬಡವು, ನಡುಭಾಗ ಮುಂದೆ, ಸದ್ದು ಒಂದೇ ಬಿಂದುವಿನಿಂದ. ಈ ಮೂರೂ ಇರುವ ಒಂದು ಪೆಟ್ಟಿಗೆಯನ್ನು ಆರಿಸಿ, ಅದನ್ನು ಬದಲಾಯಿಸದೆ ವರ್ಷಗಟ್ಟಲೆ ಕೇಳಿ ಕಿವಿ ಪಳಗಿಸಿಕೊಳ್ಳಬೇಕು. ಬ್ಲೂಟೂತ್ ಸ್ಪೀಕರ್ ಈ ಕೆಲಸಕ್ಕೆ ಆಗದು. ಅದರೊಳಗಿನ ಚಿಪ್ಪು ತಾನಾಗಿ ಬೇಸ್ ಏರಿಸುತ್ತದೆ, ಸದ್ದು ಜೋರಾದಾಗ ತಾನಾಗಿ ಒತ್ತುತ್ತದೆ, ತಡವಾಗಿಯೂ ಬರುತ್ತದೆ. ಅದನ್ನು ಕೊನೆಯ ಪರೀಕ್ಷೆಗೆ ಇಟ್ಟುಕೊಳ್ಳಿ. ದಿನದ ಕೆಲಸಕ್ಕೆ ಮೂರು ನಾಲ್ಕಿಂಚಿನ ಕಾಗದದ ಕೋನಿನ ಫುಲ್‌ರೇಂಜ್ ಡ್ರೈವರ್ ಒಂದು, ಸಣ್ಣ ಆಂಪ್ಲಿಫೈಯರ್ ಬೋರ್ಡ್ ಒಂದು, ಊರಿನ ಬಡಗಿಯಿಂದ ಮಾಡಿಸಿದ ಗಾಳಿಯಾಡದ ಮರದ ಪೆಟ್ಟಿಗೆ ಒಂದು. ಹಳೆಯ ರೇಡಿಯೋದ ಪೆಟ್ಟಿಗೆ ಅಟ್ಟದ ಮೇಲೆ ಇದ್ದರೆ ಅದೂ ಆದೀತು. ಮಾನಿಟರ್ ಜೋಡಿಯ ಬೆಲೆಯ ಮುಂದೆ ಇದರ ಖರ್ಚು ಲೆಕ್ಕಕ್ಕೇ ಬಾರದು.

ಬಳಸುವಾಗ ಮೂರು ಕಡೆ ಎಡವುತ್ತಾರೆ. ಎರಡು ಮಾನಿಟರಿನಲ್ಲಿ ಒಂದನ್ನು ಆರಿಸಿಬಿಟ್ಟರೆ ಮೋನೋ ಆಯಿತೆಂದು ತಿಳಿಯುತ್ತಾರೆ. ಅದು ಮೋನೋ ಅಲ್ಲ, ಬರೀ ಎಡಭಾಗ. ಸಾಫ್ಟ್‌ವೇರಿನ ಮಾಸ್ಟರ್‌ನಲ್ಲೇ ಎಡಬಲ ಕೂಡಿಸಬೇಕು. ಕೂಡಿಸಿದ್ದನ್ನು ಎರಡೂ ಮಾನಿಟರಿನಲ್ಲಿ ಕೇಳಿದರೂ ಸಾಲದು. ಆಗ ದನಿ ಎರಡರ ನಡುವೆ ಇರುವಂತೆ ಭ್ರಮೆ ಹುಟ್ಟುತ್ತದೆ, ತಲೆ ಅಲುಗಿದಾಗಲೆಲ್ಲ ಬಣ್ಣ ಬದಲಾಗುತ್ತದೆ. ಸದ್ದು ಒಂದೇ ಪೆಟ್ಟಿಗೆಯಿಂದ ಬರಬೇಕು. ಇನ್ನು ಕೆಲವರು ಎಡ ಬಲದ ಔಟ್‌ಪುಟ್ಟನ್ನು ವೈ ಕೇಬಲಿನಲ್ಲಿ ನೇರ ಹೆಣೆದುಬಿಡುತ್ತಾರೆ. ಎರಡು ಔಟ್‌ಪುಟ್ ಒಂದರ ಮೇಲೊಂದು ದೂಡುತ್ತವೆ, ಅದು ಉಪಕರಣಕ್ಕೆ ಒಳ್ಳೆಯದಲ್ಲ.

ಕೊನೆಯಲ್ಲಿ ಒಂದು ಸಲ ಫೋನಿನಲ್ಲಿ ಹಾಕಿ ನೋಡುತ್ತೇವಲ್ಲ, ಸಾಲದೇ ಎನ್ನುವವರ ಜತೆಗೂ ನನ್ನ ತಕರಾರಿದೆ. ಇವರು ಅರ್ಧ ಒಪ್ಪಿದವರು. ಎಲ್ಲ ಮುಗಿದ ಮೇಲೆ ಫೋನಿನಲ್ಲಿ ಕೇಳಿ ದನಿ ಕೆಳಗಿದೆ ಎಂದು ಗೊತ್ತಾದರೆ ಇವರು ಮಾಡುವುದು ದನಿಯನ್ನು ಎರಡು ಡೆಸಿಬಲ್ ಏರಿಸುವುದು. ಹಾರ್ಮೋನಿಯಂ ಮುಚ್ಚಿದ್ದು ಹಾಗೇ ಉಳಿಯುತ್ತದೆ, ಹೆಡ್‌ಫೋನಿನಲ್ಲಿ ದನಿ ಮಾತ್ರ ಮುಖಕ್ಕೆ ಬಡಿಯುತ್ತದೆ. ಸಣ್ಣ ಸ್ಪೀಕರು ಕೆಲಸದ ಮೊದಲ ಗಂಟೆಯಿಂದಲೇ ಬೇಕು. ಟ್ರ್ಯಾಕುಗಳನ್ನೆಲ್ಲ ತೆರೆದು, ಪ್ಯಾನ್ ಮುಟ್ಟದೆ, ರಿವರ್ಬ್ ಹಾಕದೆ, ಮೋನೋದಲ್ಲಿ, ಮೆಲ್ಲನೆಯ ಸದ್ದಿನಲ್ಲಿ ಬರೀ ಫೇಡರ್ ಸರಿಸಿ ಹಾಡನ್ನು ನಿಲ್ಲಿಸಲು ನೋಡಿ. ಮೆಲ್ಲಗೆ ಎಂದು ಸುಮ್ಮನೆ ಹೇಳುತ್ತಿಲ್ಲ. ಸದ್ದು ಕಡಿಮೆಯಾದಾಗ ಕಿವಿಗೆ ಕೆಳಗಿನದೂ ತೀರಾ ಮೇಲಿನದೂ ಮಂಕಾಗುತ್ತದೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಅಳೆದು ತೋರಿಸಿದ್ದಾರೆ. ಉಳಿಯುವುದು ನಡುಭಾಗ, ಅದೇ ನಿಲ್ಲಬೇಕಾದದ್ದು. ಅಲ್ಲಿ ಹಾಡು ನಿಂತ ಮೇಲೆ ಸ್ಟೀರಿಯೋ ತೆರೆಯಿರಿ, ಕೊಳಲಿಗೆ ಒಂದಿಷ್ಟು ಬಲ, ಗಿಟಾರಿಗೆ ಒಂದಿಷ್ಟು ಎಡ, ತಂಬೂರಿಗೆ ಅಗಲ ಕೊಡಿ. ಕೊಟ್ಟ ಪ್ರತಿಯೊಂದಕ್ಕೂ ಮೋನೋ ಗುಂಡಿ ಒತ್ತಿ ನೋಡಿ. ಮಾಯವಾದರೆ ವಾಪಸು ತೆಗೆಯಿರಿ.

ಇಷ್ಟಾದ ಮೇಲೂ ಸ್ಟುಡಿಯೋ ಇಟ್ಟುಕೊಂಡವರು ತಾವಾಗಿ ಬದಲಾಗುತ್ತಾರೆ ಎಂಬ ಭರವಸೆ ನನಗೆ ಪೂರ್ತಿ ಇಲ್ಲ. ದೊಡ್ಡ ಮಾನಿಟರನ್ನು ನೋಡಿಯೇ ಗಿರಾಕಿ ಬರುವುದು ಎಂಬ ಅವರ ಕಷ್ಟ ಅರ್ಥವಾಗುತ್ತದೆ. ಆದ್ದರಿಂದ ಹಾಡು ಮಾಡಿಸುವವರಲ್ಲಿ, ಎಂದರೆ ಕವಿಗಳಲ್ಲಿ, ಗಾಯಕಿಯರಲ್ಲಿ, ಭಜನಾ ಮಂಡಳಿಯವರಲ್ಲಿ, ಜಾತ್ರಾ ಸಮಿತಿಯವರಲ್ಲಿ ನನ್ನ ವಿನಂತಿ. ಹಾಡು ಮುಗಿದಿದೆ, ಬಂದು ಕೇಳಿ ಎಂದು ಕರೆದಾಗ ದೊಡ್ಡ ಸ್ಪೀಕರಿನ ಮುಂದಿನ ಒಳ್ಳೆಯ ಕುರ್ಚಿಯಲ್ಲಿ ಕೂತು ತಲೆಯಾಡಿಸಿ ಬರಬೇಡಿ. ಒಂದೇ ಸ್ಪೀಕರಿನಲ್ಲಿ ಹಾಕಿ ಎಂದು ಕೇಳಿ, ಇಲ್ಲದಿದ್ದರೆ ನಿಮ್ಮ ಫೋನಿಗೇ ಹಾಕಿಸಿಕೊಂಡು ಹೊರಗೆ ಜಗಲಿಗೆ ಬನ್ನಿ. ಹಾಡಿನ ಸಾಹಿತ್ಯ ಗೊತ್ತಿಲ್ಲದ ಒಬ್ಬರನ್ನು ಹತ್ತಡಿ ದೂರ ಕೂರಿಸಿ, ಕೇಳಿದ ಪದವನ್ನು ಹೇಳಲು ಹೇಳಿ. ಅವರಿಗೆ ಸಾಲು ತಿಳಿಯದಿದ್ದರೆ ಬಾಕಿ ದುಡ್ಡು ಕೊಡಬೇಡಿ, ಮಿಕ್ಸ್ ವಾಪಸು ಕಳಿಸಿ.